ಎಡ ಭುಜ, ಅರ್ಧ ಇಂಚು

ಹಳೆ ಬಟ್ಟೆಯ ರಾಶಿಯ ಮುಂದೆ ಕೂರುವವರಲ್ಲಿ ಎರಡು ಬಗೆ. ಕಣ್ಣಿನಿಂದ ಹುಡುಕುವವರು ಒಂದು, ಕೈಯಿಂದ ಹುಡುಕುವವರು ಇನ್ನೊಂದು. ಹೊಲಿಗೆಯಮ್ಮ ಎರಡನೆಯ ಬಗೆ. ಭಾನುವಾರ ಬೆಳಗ್ಗೆ ಮೇಲ್ಸೇತುವೆಯ ನೆರಳಲ್ಲಿ, ಹಲಗೆಗಳ ಮೇಲೆ ರಾಶಿ ಬೀಳುತ್ತಿದ್ದಂತೆ ಅವಳು ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಮೊಣಕೈವರೆಗೆ ಕೈ ಇಳಿಬಿಡುತ್ತಿದ್ದಳು. ಬಣ್ಣ ಸುಳ್ಳು ಹೇಳುತ್ತದೆ, ಎರಡು ಒಗೆತಕ್ಕೆ ಊರು ಬಿಟ್ಟು ಓಡುತ್ತದೆ ಎಂಬುದು ಅವಳ ಅನುಭವ. ಉಣ್ಣೆಯಾದರೆ ಬೆರಳನ್ನು ತಿರುಗಿ ಕೆರೆಯುತ್ತದೆ. ಹತ್ತಿ ಅಂಗೈಯ ಬೆವರು ಕುಡಿಯುತ್ತದೆ. ಪ್ಲಾಸ್ಟಿಕ್ ನೂಲಿನದು ಮಾತಿಗೆ ತಪ್ಪುವವನ ಹಾಗೆ ಜಾರಿಕೊಳ್ಳುತ್ತದೆ.

"ಅಮ್ಮಾ, ಬಟ್ಟೆ ತಗೋತೀರೋ, ಮೀನು ಹಿಡೀತೀರೋ?" ಎಂದು ರಾಶಿಯವನು ಕೇಳುವುದು ವಾಡಿಕೆ.

"ನಿನ್ನ ಕೆರೇಲಿ ಮೀನೆಲ್ಲಪ್ಪ ಇದೆ? ಬರೀ ಕಪ್ಪೆ," ಎನ್ನುವುದು ಅವಳ ವಾಡಿಕೆ.

ಹಾಗೆ ಕೈ ಬಿಟ್ಟಿದ್ದಾಗಲೇ ಐದು ತಿಂಗಳ ಹಿಂದೆ ಅವಳ ಬೆರಳಿಗೆ ಗಂಟುಗಳು ಸಿಕ್ಕಿದ್ದು. ಬೂದು ಬಣ್ಣದ ಒಂದು ಉಣ್ಣೆಯ ಅಂಗಿ. ಮೊಣಕೈ ಹರಿದಿತ್ತು, ಹರಿದಲ್ಲಿ ಯಾರೋ ರಿಪೇರಿ ಮಾಡಿದ್ದರು. ಹೊಲಿಗೆ ಸಣ್ಣದು, ಒತ್ತಾದದ್ದು, ಇರುವೆ ಸಾಲಿನಷ್ಟು ನೇರ. ಆದರೆ ನೂಲಿನ ಗಂಟುಗಳೆಲ್ಲ ಹೊರಗೆ, ನಾಲ್ಕು ಜನಕ್ಕೆ ಕಾಣುವ ಹಾಗೆ, ಎಳ್ಳು ಚೆಲ್ಲಿದಂತೆ ಕೂತಿದ್ದವು. ಗಂಟನ್ನು ಒಳಗೆ ಬಚ್ಚಿಡುವುದು ಹೊಲಿಗೆಯ ಮೊದಲ ಪಾಠ. ಇಷ್ಟು ಚೆಂದ ಹೊಲಿಯುವ ಕೈಗೆ ಅದು ತಿಳಿಯದೆ ಇರುತ್ತದೆಯೇ? ತಿಳಿದೂ ಹೊರಗೆ ಇಟ್ಟಿದ್ದಾಳೆ ಎಂದರೆ, ತನ್ನ ಹರುಕನ್ನು ಮುಚ್ಚಿಡದ ಹೆಂಗಸು ಇವಳು ಎಂದು ಹೊಲಿಗೆಯಮ್ಮ ತೀರ್ಮಾನಿಸಿದಳು. ಅವತ್ತಿನಿಂದ ಅದು ಬಟ್ಟೆಯಾಗಿ ಉಳಿಯಲಿಲ್ಲ, ಒಬ್ಬಳು ಹೆಂಗಸಾಯಿತು.

ಮುಂದಿನ ಭಾನುವಾರ ಅದೇ ಗಂಟಿನ ಗೌನು ಸಿಕ್ಕಿತು. ಅದರ ಮುಂದಿನ ವಾರ ಹೆಗಲು ಸವೆದ ಮಳೆಗಾಲದ ಕೋಟು. ಐದು ತಿಂಗಳಲ್ಲಿ ಹನ್ನೊಂದು ಉಡುಪು. ಗಿರಾಕಿಗಳ ಬಟ್ಟೆಯನ್ನು ಹೊಲಿಗೆಯಮ್ಮ ಎಂದೂ ಮೈಮೇಲೆ ಹಾಕಿಕೊಂಡವಳಲ್ಲ, ಅದು ಕಸುಬಿನ ಮರ್ಯಾದೆ. ಇವನ್ನು ಮಾತ್ರ ಹಾಕಿಕೊಂಡು ನೋಡುತ್ತಿದ್ದಳು. ಬೀರುವಿನ ಕನ್ನಡಿಯ ಮುಂದೆ ನಿಂತರೆ ಪ್ರತಿಯೊಂದೂ ಎಡಕ್ಕೆ ಅರ್ಧ ಇಂಚು ಇಳಿದು, ಕಂಕುಳ ಕೆಳಗೆ ಒಂದು ಸಣ್ಣ ನಿರಿಗೆ ಬೀಳುತ್ತಿತ್ತು. ಓಹೋ, ಎಡ ಭುಜ ತಗ್ಗು. ಎಡ ಮೊಣಕೈ ಊರಿ ಮೇಜಿನ ಮುಂದೆ ಬಹಳ ಹೊತ್ತು ಕೂರುವವಳಿರಬೇಕು. ಎದುರಿಗೆ ಕಿಟಕಿ ಇರಬೇಕು. ಅವಸರ ಅನ್ನುವುದು ಅವಳ ಜಾಯಮಾನದಲ್ಲಿ ಇರಲಿಕ್ಕಿಲ್ಲ.

ಹೊಲಿಗೆಯಮ್ಮನ ಮನೆ ಮೂರನೆಯ ಮಹಡಿಯಲ್ಲಿ ಎರಡು ಕೋಣೆ. ಮುಂದಿನ ಕೋಣೆಯ ಕಿಟಕಿಗೆ ಮೆಷಿನ್ನು, ಗೋಡೆಗೆ ಬಿಚ್ಚಿದ ಬಟ್ಟೆಯ ಮೂಟೆಗಳು, ಮೂಲೆಯಲ್ಲಿ ಅತ್ತೆಯ ಮಂಚ. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಅತ್ತೆ ಮಾತ್ರ ಮಗನ ಪಾಲಿನ ಮಾತನ್ನೂ ತಾನೇ ಆಡುತ್ತ ಗಟ್ಟಿಯಾಗಿದ್ದಳು. ಕಣ್ಣು ಮಂಜಾದ ಮೇಲೆ ಗುಂಡಿಗಳ ಡಬ್ಬಗಳ ಉಸ್ತುವಾರಿ ಅವಳದು. ನಾಲ್ಕು ತೂತಿನದು, ಎರಡು ತೂತಿನದು, ಬೆನ್ನಿಗೆ ಕೊಂಡಿ ಇರುವುದು, ಎಲ್ಲವನ್ನೂ ಬೆರಳಿನಲ್ಲೇ ವಿಂಗಡಿಸುತ್ತಿದ್ದಳು.

ಆ ಕೋಣೆಯಲ್ಲಿ ಗಂಡಸರ ಎರಡು ಅಂಗಿ ಸೇರಿ ಒಂದು ಫ್ರಾಕ್ ಆಗುತ್ತಿತ್ತು, ಪರದೆ ಲಂಗವಾಗುತ್ತಿತ್ತು, ಮಂಡಿ ಹರಿದ ಪ್ಯಾಂಟು ಎರಡು ಕೈಚೀಲವಾಗುತ್ತಿತ್ತು. ಬೀದಿಯ ಅರ್ಧ ಜನ ಉಳಿದರ್ಧ ಜನ ಬಿಟ್ಟ ಬಟ್ಟೆಯನ್ನು ತೊಟ್ಟು ಓಡಾಡುತ್ತಿದ್ದರು, ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನ ಊಟದ ನಂತರ ಬಿಸಿಲು ಮೆಷಿನ್ನಿನ ಮೇಲೆ ಬೀಳುತ್ತಿತ್ತು. ಬಿಚ್ಚಿದ ಉಣ್ಣೆಯ ಎಳೆಗಳು ಬಿಸಿಲಲ್ಲಿ ತೇಲುತ್ತ ಎಲ್ಲೂ ಇಳಿಯದೆ ನಿಂತಿರುತ್ತಿದ್ದವು. ಹೊಲಿಗೆಯಮ್ಮ ತೋಳಿನ ಮೇಲೆ ತಲೆ ಇಟ್ಟರೆ, ನಿದ್ದೆಗೂ ಎಚ್ಚರಕ್ಕೂ ನಡುವಿನ ಆ ತೆಳು ಜಾಗದಲ್ಲಿ ಬಾಗಿಲು ಸರಿಯುತ್ತಿತ್ತು. ಆ ಗಂಟಿನವಳು ಬರುತ್ತಿದ್ದಳು. ಬಂದವಳೇ ಬೆನ್ನು ಹಾಕಿ ಅಳತೆಗೆ ನಿಲ್ಲುತ್ತಿದ್ದಳು. ಮುಖ ತೋರಿಸಿದವಳೇ ಅಲ್ಲ. ತೋರಿಸು ಎಂದು ಹೊಲಿಗೆಯಮ್ಮನೂ ಕೇಳಿದವಳಲ್ಲ. ಟೇಪು ಹಿಡಿದು ಹಿಂದೆ ನಿಂತು, ಇಳಿದ ಆ ಎಡ ಭುಜವನ್ನು ನೋಡುತ್ತಿದ್ದರೆ ಸಾಕು, ಹೇಳದೆ ಉಳಿದ ಎಷ್ಟೋ ಮಾತು ಹೇಳಿ ಮುಗಿಸಿದಂತೆ ಹಗುರವಾಗುತ್ತಿತ್ತು.

"ಒಬ್ಬಳೇ ನಗ್ತಿದ್ದೀಯ," ಎಂದು ಮಗಳು ಒಂದು ದಿನ ಹಿಡಿದಳು.

"ಯಾರು, ನಾನಾ?"

"ಮತ್ತೆ ಮೆಷಿನ್ನಾ?"

ಮಗಳ ಅಡ್ಡಹೆಸರು ಕಡ್ಡಿ. ಚಿಕ್ಕವಳಿದ್ದಾಗ ಬೆಂಕಿಕಡ್ಡಿಯ ಹಾಗಿದ್ದಳು: ಕಡ್ಡಿ ಮೈ, ಮೇಲೊಂದು ತಲೆ, ಗೀರಿದರೆ ಬೆಂಕಿ. ಒಂದು ವರ್ಷ ಹಾಸ್ಟೆಲಿನಲ್ಲಿದ್ದು ತರಬೇತಿ ಮುಗಿಸಿ ಮನೆಗೆ ಬಂದು ತಿಂಗಳಾಗಿತ್ತು. ಈಗ ಕೆಲಸದ ಕಾಗದ ಬಂದಿತ್ತು. ಬೆಟ್ಟದ ತುದಿಯ ಹವಾಮಾನ ಕೇಂದ್ರದಲ್ಲಿ. ಮೂರು ಗಂಟೆಗೊಮ್ಮೆ ಕಂಬದ ಏಣಿ ಹತ್ತಿ, ಗಾಳಿಗೆ ತಿರುಗುವ ಬಟ್ಟಲುಗಳ ಮೇಲಿನ ಮಂಜು ಒರೆಸಿ, ಎಷ್ಟು ಗಾಳಿ, ಎಷ್ಟು ಚಳಿ ಎಂದು ಬರೆದಿಡಬೇಕು.

"ಗಾಳಿ ಅಳೆಯೋಕೆ ಸಂಬಳ ಕೊಡ್ತಾರಾ?" ಅಜ್ಜಿಗೆ ನಂಬಿಕೆ ಬರಲಿಲ್ಲ. "ನಮ್ಮ ಕಾಲದಲ್ಲಿ ಪುಕ್ಕಟೆ ಬೀಸ್ತಿತ್ತು."

ಗುರುವಾರ ಹೊರಡಬೇಕು. ಅಲ್ಲಿ ಕೊರೆಯುವ ಚಳಿ, ಒಳ್ಳೆಯ ಕೋಟು ಬೇಕು. ಪೇಟೆಯ ಅಂಗಡಿಯಲ್ಲಿ ನೋಡಿ ಇಟ್ಟಿದ್ದೇನೆ ಎಂದಳು ಕಡ್ಡಿ. ಹೊಲಿಗೆಯಮ್ಮನ ಮುಖ ಸಪ್ಪಗಾಯಿತು. ತೊಟ್ಟಿಲಿನ ಬಟ್ಟೆಯಿಂದ ಹಿಡಿದು ಹಾಸ್ಟೆಲಿಗೆ ಹೋಗುವಾಗಿನ ಲಂಗದವರೆಗೆ ಈ ಹುಡುಗಿ ತೊಟ್ಟದ್ದೆಲ್ಲ ಈ ಮೆಷಿನ್ನಿನಿಂದ ಇಳಿದದ್ದು. ಬೆಟ್ಟದ ತುದಿಗೆ, ಯಾರೂ ಇಲ್ಲದ ಕಡೆಗೆ ಹೋಗುವಾಗ ಮೈಮೇಲೆ ಅಂಗಡಿಯ ಕೋಟು ಇರಬೇಕೆ? ಅವಳಿಗೆ ಅದೊಂದೇ ಆಸೆ. ಕೋಟು ತನ್ನ ಕೈಯದಾಗಿರಬೇಕು, ಮಗಳು ಅದನ್ನು ತೊಟ್ಟು ಹೋಗಬೇಕು.

"ನಾನು ಹೊಲೀತೀನಿ," ಎಂದಳು.

ಕಡ್ಡಿ ಅಮ್ಮನ ಕೊರಳಿನ ಟೇಪಿನ ಕಡೆ ನೋಡಿದಳು. "ಸರಿ. ಆದರೆ ಅಳತೆ ತಗೊಂಡು ಹೊಲಿ."

"ನಿನ್ನ ಅಳತೆ ನನಗೆ ಗೊತ್ತಿಲ್ವಾ? ಒಂಬತ್ತು ತಿಂಗಳು ಹೊಟ್ಟೇಲಿ ಇಟ್ಕೊಂಡವಳು."

"ಆಗ ನಾನು ಕೋಟು ಹಾಕ್ಕೊಂಡಿರಲಿಲ್ಲ."

"ಹೋಗೇ, ದೊಡ್ಡ ಮಾತು."

ಟೇಪು ಕೊರಳಲ್ಲೇ ನೇತಾಡುತ್ತಿತ್ತು. ತೆಗೆಯಲಿಲ್ಲ.

ಹೊಲಿಗೆಯಮ್ಮ ಆ ಹನ್ನೊಂದರಲ್ಲಿ ಅತಿ ದಪ್ಪನೆಯ ಮೂರನ್ನು ಆರಿಸಿದಳು. ಬೂದು ಅಂಗಿ, ಮಳೆಗಾಲದ ಕೋಟು, ಇನ್ನೊಂದು ಇದ್ದಿಲು ಬಣ್ಣದ ನಿಲುವಂಗಿ. ಮಗಳು ಹೋಗುವ ಜಾಗ ತಾನು ಕಂಡದ್ದಲ್ಲ. ಆದರೆ ಗಂಟಿನವಳ ಬಟ್ಟೆ ಮೈಮೇಲಿದ್ದರೆ ಮಗಳ ಜೊತೆ ಒಬ್ಬ ಹಿರಿಯಾಕೆ ಇದ್ದಂತೆ ಎಂದು ಅವಳ ಮನಸ್ಸಿಗೆ ಸಮಾಧಾನವಾಯಿತು. ಎರಡು ದಿನ ಬರೀ ಬಿಚ್ಚುವ ಕೆಲಸ. ಬ್ಲೇಡಿನ ಮೂಲೆಯಲ್ಲಿ ಒಂದೊಂದೇ ಹೊಲಿಗೆ ಕತ್ತರಿಸುತ್ತ ಹೋದರೆ ತೋಳು ಭುಜದಿಂದ ಬಿಡುತ್ತಿತ್ತು, ಕಾಲರು ಕತ್ತಿನಿಂದ ಬಿಡುತ್ತಿತ್ತು. ಕೊನೆಗೆ ನೆಲದ ಮೇಲೆ ಒಬ್ಬ ಹೆಂಗಸು ಚಪ್ಪಟೆಯಾಗಿ, ತುಂಡು ತುಂಡಾಗಿ, ನೋವಿಲ್ಲದೆ ಮಲಗಿದಂತೆ ಕಾಣುತ್ತಿತ್ತು. ಜೇಬಿನ ಮೂಲೆಗಳಿಂದ ಧೂಳಿನ ಉಂಡೆ ಬಿತ್ತು. ಅದನ್ನೂ ಅವಳು ಗುಡಿಸದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

"ನೋಡಮ್ಮ, ಕಸಕ್ಕೂ ಮಣೆ ಹಾಕಿದ್ದೀಯ," ಎಂದಳು ಅತ್ತೆ. ಮಂಜುಗಣ್ಣು ಕಾಣಬಾರದ್ದನ್ನು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಸೋಮವಾರ ಕತ್ತರಿ ಹಾಕಿದಳು. ಬಳಪ ಹಿಡಿದ ಕೈ ತಾನಾಗಿ ಓಡಿತು. ಬಲ ಭುಜಕ್ಕೆ ಒಂದು ಗೆರೆ, ಎಡ ಭುಜಕ್ಕೆ ಇನ್ನೊಂದು. ಮನೆಯಲ್ಲಿ ಹೊಲಿಗೆಯವರ ಗೊಂಬೆ ಇರಲಿಲ್ಲ, ಆದ್ದರಿಂದ ಕಚ್ಚಾ ಹೊಲಿಗೆ ಹಾಕಿ ತಾನೇ ತೊಟ್ಟು ನೋಡಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು. ಒಂದು ನಿರಿಗೆಯಿಲ್ಲ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಇಷ್ಟು ಚೆಂದ ಕೂತ ಭುಜ ಇನ್ನೊಂದಿಲ್ಲ ಎನ್ನಿಸಿತು. ಕನ್ನಡಿಯೊಳಗೆ ಅವಳು ಕೋಟನ್ನೇ ನೋಡಿದಳು. ಕೋಟಿನೊಳಗೆ ಯಾರಿದ್ದಾರೆ ಎಂದು ನೋಡುವ ಅಭ್ಯಾಸ ಅವಳಿಗಿರಲಿಲ್ಲ.

ಮಂಗಳವಾರ ಬೆಳಗ್ಗೆ ಕಡ್ಡಿ ತೊಟ್ಟಳು.

ಮೊದಲು ಬೆನ್ನು ಬಿಗಿಯಿತು. ಆಮೇಲೆ ಎಡ ಭುಜದ ಹೊಲಿಗೆ ಕೀಲಿನ ಮೇಲೆ ಕೂರದೆ ಒತ್ತಿ ಹಿಡಿಯಿತು, ಕಾಲರು ಒಂದು ಕಡೆಗೆ ಎದ್ದು ಕಿವಿ ಮುಟ್ಟಿತು. ಒಂದು ಪಕ್ಕಕ್ಕೆ ಭಾರದ ಚೀಲ ಕಟ್ಟಿದ ಸೈಕಲ್ಲಿನ ಹಾಗೆ ಹುಡುಗಿ ವಾಲಿಕೊಂಡು ನಿಂತಳು.

"ನೇರ ನಿಲ್ಲೇ," ಎಂದಳು ಹೊಲಿಗೆಯಮ್ಮ.

"ನಾನು ನೇರಾನೇ ನಿಂತಿದ್ದೀನಿ. ಕೋಟು ವಾಲಿದೆ."

ಕಡ್ಡಿ ಏನೋ ನೆನಪಾದವಳಂತೆ ಬಲಗೈ ಮೇಲೆತ್ತಿದಳು, ಕಂಬದ ತುದಿಗೆ ಕೈ ಚಾಚುವಂತೆ. ಕೈ ಕಿವಿಯ ಎತ್ತರಕ್ಕೆ ಹೋಗಿ ನಿಂತಿತು. ಕೋಟಿನ ಅಂಚು ಸೊಂಟ ಬಿಟ್ಟು ಪಕ್ಕೆಯವರೆಗೆ ಮೇಲೆದ್ದಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಎಂದಳು ಅಜ್ಜಿ ಮಂಚದಿಂದ. "ನೀನು ಕೋಟು ಇದ್ದಷ್ಟು ಕೈ ಎತ್ತು."

ಕಡ್ಡಿ ನಗಲಿಲ್ಲ. "ಅಮ್ಮ, ಇದು ಕೂತು ಕಾಗದ ಬರೆಯೋರ ಕೋಟು. ನಾನು ಏಣಿ ಹತ್ತೋಳು. ಎರಡು ಸಲ ಹೇಳಿದ್ದೀನಿ. ಯಾರಿಗೆ ಹೊಲಿದಿದ್ದೀಯ ಇದನ್ನ?"

ಹೊಲಿಗೆಯಮ್ಮ ಬಾಯಲ್ಲಿ ಕಚ್ಚಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿನ ಅಂಚಿಗೆ ಚುಚ್ಚಿಕೊಂಡಳು. ಸುಳ್ಳು ಹೇಳಲು ಬರುತ್ತಿರಲಿಲ್ಲ. "ಅವಳ ಎಡ ಭುಜ ಸ್ವಲ್ಪ ತಗ್ಗು..." ಎಂದು ಬಾಯಿ ತಪ್ಪಿತು.

"ಯಾರ ಭುಜ?"

ಆಗ ಎಲ್ಲ ಹೊರಬಂತು. ಗಂಟುಗಳು, ಹನ್ನೊಂದು ಉಡುಪು, ಮೇಜು, ಕಿಟಕಿ. ಹೇಳುತ್ತ ಹೋದಂತೆ ತನ್ನ ಕಿವಿಗೇ ಅದು ಜ್ವರದವರ ಮಾತಿನಂತೆ ಕೇಳಿಸಿತು. ಕಡ್ಡಿ ಪೂರ್ತಿ ಕೇಳಿದಳು. ಕೋಪ ಬಂದರೆ ಕೂಗುವ ಹುಡುಗಿ ಇವತ್ತು ಕೂಗಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

"ಅವಳ ಭುಜ ಎಷ್ಟು ಇಳಿದಿದೆ ಅಂತ ನಿನಗೆ ಗೊತ್ತು. ನಾನು ಬಂದು ಒಂದು ತಿಂಗಳಾಯ್ತು. ನನ್ನ ಭುಜದ ಮೇಲೆ ಒಂದು ಸಲ ಕೈ ಇಟ್ಟಿದ್ದೀಯಾ?"

ಅತ್ತೆ ಗುಂಡಿ ಎಣಿಸುವುದನ್ನು ನಿಲ್ಲಿಸಿದಳು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದವರನ್ನ ಕಂಡಿದ್ದೀನಿ. ಹುಟ್ಟಿ ಇಪ್ಪತ್ತೆರಡು ವರ್ಷ ಆದಮೇಲೂ ಅಳತೆ ತಪ್ಪಿದವಳನ್ನ ಇವತ್ತೇ ಕಂಡದ್ದು."

ಕಡ್ಡಿ ಕೋಟನ್ನು ಬಿಚ್ಚಿ, ಮಡಚಿ, ಮೆಷಿನ್ನಿನ ಮೇಲೆ ಇಟ್ಟಳು. ಎಸೆದಿದ್ದರೆ ವಾಸಿಯಿತ್ತು. "ನಾಳೆ ಸಂಜೆ ಅಂಗಡಿಗೆ ಹೋಗಿ ಕೊಂಡ್ಕೋತೀನಿ. ನೀನು ಇದನ್ನ ಅವಳಿಗೇ ಕೊಡು."

ಮಧ್ಯಾಹ್ನ ಹೊಲಿಗೆಯಮ್ಮ ಕೋಟನ್ನು ಚೀಲಕ್ಕೆ ತುರುಕಿಕೊಂಡು ಹೊರಟಳು. ಇನ್ನಷ್ಟು ಬಟ್ಟೆ ಸಿಕ್ಕರೆ ಸರಿಮಾಡಬಹುದು, ಅದೇ ಗಂಟಿನದು ಸಿಕ್ಕರೆ ಬಣ್ಣವೂ ಹೊಂದುತ್ತದೆ ಎಂದು ಲೆಕ್ಕ. ಇಷ್ಟಾದರೂ ಆ ಗಂಟಿನವಳನ್ನು ಬಿಡಲು ಮನಸ್ಸಿರಲಿಲ್ಲ. ವಾರದ ನಡುವೆ ರಾಶಿ ಬೀಳುವುದಿಲ್ಲ, ಆದರೆ ರಾಶಿಯವನ ಗೋದಾಮು ರೈಲು ಹಳಿಯ ಹಿಂದಿನ ತಗಡಿನ ಶೆಡ್ಡು ಎಂದು ಅವಳಿಗೆ ಗೊತ್ತಿತ್ತು.

ಶೆಡ್ಡಿನೊಳಗೆ ಬಟ್ಟೆಯ ಬೆಟ್ಟಗಳು ಛಾವಣಿ ಮುಟ್ಟಿದ್ದವು. ತಗಡಿನ ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದು, ಅಂಗಿಗಳ ಮೇಲೆ, ಲಂಗಗಳ ಮೇಲೆ, ಎಷ್ಟೋ ಊರಿನ ಎಷ್ಟೋ ಮನೆಯವರ ಖಾಲಿ ತೋಳುಗಳ ಮೇಲೆ ನಾಣ್ಯದಗಲ ಬೆಳಕು ಚೆಲ್ಲಿದ್ದವು. ಸದ್ದು ಪೂರ್ತಿ ಹೀರಿಹೋಗಿತ್ತು. ಹೊರಗೆ ರೈಲು ಹೋದರೂ ದಿಂಬಿನೊಳಗಿಂದ ಕೇಳಿದಂತಿತ್ತು. ಎರಡು ಬೆಟ್ಟಗಳ ನಡುವಿನ ಓಣಿಯಲ್ಲಿ ನಡೆಯುತ್ತ ಹೊಲಿಗೆಯಮ್ಮನಿಗೆ ತಾನು ಮಧ್ಯಾಹ್ನದ ಆ ತೆಳು ಜಾಗಕ್ಕೇ ಬಂದಿದ್ದೇನೆ, ಈ ಓಣಿಯ ಕೊನೆಯಲ್ಲಿ ಅವಳು ಬೆನ್ನು ಹಾಕಿ ನಿಂತಿರುತ್ತಾಳೆ ಎನ್ನಿಸಿತು.

ಓಣಿಯ ಕೊನೆಯಲ್ಲಿ ನಿಜವಾಗಿಯೂ ಒಬ್ಬಳು ಕೂತಿದ್ದಳು. ದಪ್ಪ ಹೆಂಗಸು, ಅರವತ್ತರ ಹತ್ತಿರ, ಮೂಗಿನ ತುದಿಯಲ್ಲಿ ಕನ್ನಡಕ. ತೊಡೆಯ ಮೇಲೆ ಯಾರದೋ ಪ್ಯಾಂಟು. ಸೂಜಿ ಎಳೆದಳು, ನೂಲು ಹಲ್ಲಿನಲ್ಲಿ ಕಡಿದಳು, ಗಂಟು ಬಿಗಿದಳು. ಹೊರಗೆ. ಎಳ್ಳಿನಷ್ಟು.

ಹೊಲಿಗೆಯಮ್ಮ ನಿಂತಲ್ಲೇ ನಿಂತಳು.

"ಯಾರಮ್ಮ ನೀವು? ತಮ್ಮ ಇಲ್ಲ, ಊಟಕ್ಕೆ ಹೋದ," ಎಂದಳು ಆ ಹೆಂಗಸು. ರಾಶಿಯವನ ಅಕ್ಕ.

"ಈ ಗಂಟು... ಇವನ್ನೆಲ್ಲ ನೀವು ಹಾಕೋದಾ?"

"ಮತ್ತೆ? ಹರಿದದ್ದನ್ನ ಹಾಗೇ ರಾಶಿಗೆ ಹಾಕಿದರೆ ನಿಮ್ಮಂಥೋರು ಮುಟ್ತೀರಾ? ದಿನಕ್ಕೆ ನಲವತ್ತು ಹೊಲೀತೀನಿ."

"ಗಂಟು ಹೊರಗೆ ಯಾಕೆ?"

ಅಕ್ಕ ಕನ್ನಡಕದ ಮೇಲಿಂದ ನೋಡಿದಳು. "ಒಳಗೆ ಹಾಕಬೇಕಾದರೆ ಬಟ್ಟೆ ತಿರುಗಿಸಬೇಕು. ತಿರುಗಿಸೋಕೆ ಯಾರಿಗಿದೆ ಪುರುಸೊತ್ತು?"

ಪುರುಸೊತ್ತಿಲ್ಲದ ಗಂಟುಗಳಿಂದ ಅವಸರವಿಲ್ಲದ ಹೆಂಗಸನ್ನು ಕಟ್ಟಿ ನಿಲ್ಲಿಸಿದ್ದ ಹೊಲಿಗೆಯಮ್ಮ ಪಕ್ಕದ ಮೂಟೆಯ ಮೇಲೆ ಕೂತಳು. ಬೂದು ಅಂಗಿ ಒಬ್ಬಳದು, ಗೌನು ಇನ್ನೊಬ್ಬಳದು, ಇದ್ದಿಲು ನಿಲುವಂಗಿ ಯಾವನೋ ಗಂಡಸಿನದೇ ಇದ್ದರೂ ಇರಬಹುದು. ಆದರೂ ಒಂದು ಉಳಿದಿತ್ತು. ಮುಳುಗುವವಳು ಹುಲ್ಲುಕಡ್ಡಿ ಹಿಡಿದಂತೆ ಅದನ್ನು ಹಿಡಿದಳು.

"ಆದರೆ ಎಲ್ಲದರ ಎಡ ಭುಜ ಅರ್ಧ ಇಂಚು ಇಳಿದಿತ್ತು. ಹನ್ನೊಂದೂ. ಹಾಕಿ ನೋಡಿದ್ದೀನಿ."

"ಯಾರು ಹಾಕಿ ನೋಡಿದ್ದು?"

"ನಾನೇ."

ರಾಶಿಯವನ ಅಕ್ಕ ಸೂಜಿಯನ್ನು ಪ್ಯಾಂಟಿಗೆ ಚುಚ್ಚಿಟ್ಟು ಎದ್ದು ಬಂದಳು. ಮಾರುಕಟ್ಟೆಯಲ್ಲಿ ಕುಂಬಳಕಾಯಿ ಹಿಡಿದಂತೆ ಹೊಲಿಗೆಯಮ್ಮನ ಎರಡು ಭುಜಗಳನ್ನೂ ಹಿಡಿದಳು. "ಎಷ್ಟು ವರ್ಷದಿಂದ ಮೆಷಿನ್ ತುಳೀತಿದ್ದೀರಿ?"

"ಇಪ್ಪತ್ತಾರು."

"ಎಡಗೈಯಲ್ಲಿ ಬಟ್ಟೆ ಒತ್ತಿ ಹಿಡ್ಕೊಂಡು ಹಾಗೇ ವಾಲಿ ಕೂರ್ತೀರಿ ತಾನೆ? ಇದು ನಿಮ್ಮ ಭುಜ ಕಣಮ್ಮ. ಬಟ್ಟೆಯದೇನೂ ತಪ್ಪಿಲ್ಲ. ಬಾವಿಗೆ ಬಿಟ್ಟ ಹಗ್ಗದ ಹಾಗೆ ಇಳಿದಿದೆ, ಬರ್ತಿರೋವಾಗಲೇ ಕಂಡೆ. ನೀವು ಕಂಡಿರಲಿಲ್ವಾ?"

ಇಲ್ಲ. ದೀಪದ ಬುಡದ ಕತ್ತಲೆ ದೀಪಕ್ಕೆ ಹೇಗೆ ಕಾಣಬೇಕು?

ಬಹಳ ಹೊತ್ತು ಹೊಲಿಗೆಯಮ್ಮ ಅಲ್ಲೇ ಕೂತಿದ್ದಳು. ಬಿಸಿಲಿನ ಕೋಲುಗಳು ಬಟ್ಟೆಯ ಬೆಟ್ಟಗಳ ಮೇಲೆ ನಿಧಾನಕ್ಕೆ ಜರುಗಿದವು. ಅಳು ಬರುತ್ತದೇನೋ ಎಂದು ಕಾದಳು, ಬರಲಿಲ್ಲ. ಬಂದದ್ದು ನಾಚಿಕೆ, ಅದರ ಹಿಂದೆಯೇ ಒಂದು ನಗು. ಐದು ತಿಂಗಳು ಟೇಪು ಹಿಡಿದು ನಿಂತದ್ದು ತನ್ನ ಬೆನ್ನಿಗೇ. ಮುಖ ಕಾಣದಿದ್ದುದರಲ್ಲಿ ಆಶ್ಚರ್ಯವೇನು? ಆ ಮೇಜು, ಆ ಕಿಟಕಿ, ಅವಸರವಿಲ್ಲದ ಆ ಮಧ್ಯಾಹ್ನಗಳು ತನಗೆ ಬೇಕಿದ್ದವು. ಕೇಳಿಕೊಳ್ಳಲು ಬಾರದೆ ಇನ್ನೊಬ್ಬಳ ಹೆಸರಿನಲ್ಲಿ ಬರೆದುಕೊಂಡಿದ್ದಳು, ಅಷ್ಟೆ. ಇದರಲ್ಲಿ ಸಾಯುವಂಥದ್ದು ಏನೂ ಇಲ್ಲ. ಆದರೆ ಮಗಳಿಗೆ ಕೋಟು ಇಲ್ಲ.

"ನನಗೆ ದಪ್ಪ ಬಟ್ಟೆ ಬೇಕು," ಎಂದಳು ಎದ್ದು. "ಗಟ್ಟಿಯಾಗಿದ್ದರೆ ಸಾಕು. ಯಾರದಾದರೂ ಆಗಲಿ."

ರಾಶಿಯವನ ಅಕ್ಕ ಕಾಲಿನಿಂದ ಒಂದು ಮೂಟೆ ಉರುಳಿಸಿದಳು. ಮೊದಲ ಸಲ ಹೊಲಿಗೆಯಮ್ಮ ಕಣ್ಣು ತೆರೆದುಕೊಂಡು ಹುಡುಕಿದಳು. ಸಿಕ್ಕಿದ್ದು ಹಸಿರು ಚೌಕುಳಿಯ ಒಂದು ಕಂಬಳಿ ಕೋಟು. ಕುರೂಪ. ಆದರೆ ನೇಯ್ಗೆ ಬಿಗಿ, ಎಳೆದರೆ ಜಗ್ಗುತ್ತಿರಲಿಲ್ಲ.

ಬುಧವಾರ ಬೆಳಗ್ಗೆ ಕಡ್ಡಿ ಹಲ್ಲುಜ್ಜಿ ಬರುವಷ್ಟರಲ್ಲಿ ಹೊಲಿಗೆಯಮ್ಮ ಕೋಟಿನ ಕಚ್ಚಾ ಹೊಲಿಗೆ ಪೂರ್ತಿ ಬಿಚ್ಚಿ ಹಾಕಿದ್ದಳು.

"ಅಂಗಡಿಗೆ ಸಂಜೆ ಹೋಗು. ಈಗ ಇಲ್ಲಿ ಬಂದು ನಿಲ್ಲು."

"ಯಾಕೆ, ಅವಳು ಬರಲಿಲ್ವಾ ಇವತ್ತು?"

"ಅವಳು ಇಲ್ಲ. ಇರಲೂ ಇಲ್ಲ. ಗಂಟು ರಾಶಿಯವನ ಅಕ್ಕನದು. ಭುಜ ನನ್ನದು."

ಕಡ್ಡಿ ಟವೆಲ್ಲಿನಲ್ಲಿ ಮುಖ ಒರೆಸುತ್ತಿದ್ದವಳು ನಿಲ್ಲಿಸಿ ಅಮ್ಮನ ಭುಜ ನೋಡಿದಳು. ಬಲ ನೋಡಿದಳು, ಎಡ ನೋಡಿದಳು. ಮಂಚದಿಂದ ಅಜ್ಜಿ, "ಅದು ಹತ್ತು ವರ್ಷದಿಂದ ಹಾಗೇ ಇದೆ. ನನಗೇ ಕಾಣುತ್ತೆ," ಎಂದಳು.

"ಹೇಳೋದಲ್ವಾ ಅತ್ತೆ!"

"ಕೇಳಿದ್ರೆ ತಾನೆ? ಈ ಮನೇಲಿ ನನ್ನ ಕೇಳೋದು ಬರೀ ಗುಂಡಿ."

ಕಡ್ಡಿ ಬಂದು ನಿಂತಳು. ಪೂರ್ತಿ ರಾಜಿಯಾಗಿ ಅಲ್ಲ, ಕೈ ಕಟ್ಟಿಕೊಂಡು. ಹೊಲಿಗೆಯಮ್ಮ ಕೈ ಬಿಡಿಸಿದಳು. ಕೊರಳಿನ ಟೇಪು ತೆಗೆದು ಹುಡುಗಿಯ ಬೆನ್ನಿಗೆ, ಈ ಭುಜದ ಕೀಲಿನಿಂದ ಆ ಭುಜದ ಕೀಲಿನವರೆಗೆ ಹಿಡಿದಳು. ಅವಳ ಮನಸ್ಸಿನ ಪುಸ್ತಕದಲ್ಲಿ ಹದಿನಾಲ್ಕು ಎಂದಿತ್ತು. ಟೇಪು ಹದಿನೈದೂವರೆ ಎಂದಿತು. ಮತ್ತೆ ಹಿಡಿದಳು. ಹದಿನೈದೂವರೆ.

"ಯಾವಾಗ ಬೆಳೆಯಿತೇ ಇದು?"

"ನೀನು ಅವಳ ಜೊತೆ ಮಾತಾಡ್ತಿದ್ದಾಗ."

ಹೊಲಿಗೆಯಮ್ಮ ಬಳಪ ತೆಗೆದು ಅಂಕಿಯನ್ನು ಮೆಷಿನ್ನಿನ ಹಲಗೆಯ ಮೇಲೆ ಬರೆದುಕೊಂಡಳು. ಕಡ್ಡಿಯೇ ಮುಂದುವರಿಸಿದಳು, ಗೋಡೆಯ ಕಡೆ ನೋಡುತ್ತ: "ತರಬೇತಿಯಲ್ಲಿ ದಿನಾ ಬಲೂನು ಬಿಡಬೇಕಿತ್ತು. ಗಾಳಿ ಯಾವ ಕಡೆ ಅಂತ ನೋಡೋಕೆ. ಅದಕ್ಕೆ ಗ್ಯಾಸ್ ತುಂಬಿದ ಸಿಲಿಂಡರ್ ಹೊತ್ಕೊಂಡು ಮಹಡಿ ಹತ್ತಬೇಕು. ಹುಡುಗರು ಇಬ್ಬರು ಹೊರ್ತಿದ್ರು. ನಾನು ಒಬ್ಬಳೇ."

"ಬಲೂನು ಎಲ್ಲಿಗೆ ಹೋಗುತ್ತೆ?"

"ಮೇಲೆ. ಕಾಣೋವರೆಗೆ ನೋಡ್ತೀವಿ. ಆಮೇಲೆ ಎಲ್ಲೋ ಒಡೆದುಹೋಗುತ್ತೆ."

ಟೇಪು ಎದೆ ಸುತ್ತಿತು, ತೋಳು ಇಳಿಯಿತು, ಮಣಿಕಟ್ಟು ಸುತ್ತಿತು. "ಕೈ ಎತ್ತು," ಎಂದಳು ಹೊಲಿಗೆಯಮ್ಮ. ಕಡ್ಡಿ ಎತ್ತಿದಳು. ಕಂಕುಳಿಂದ ಬೆರಳ ತುದಿವರೆಗೆ, ಕಂಕುಳಿಂದ ಸೊಂಟದವರೆಗೆ ಟೇಪು ಓಡಿತು. ಎತ್ತಿದ ಕೈಯ ಅಳತೆಯನ್ನು ಹೊಲಿಗೆಯಮ್ಮ ಈವರೆಗೆ ಯಾರದನ್ನೂ ತೆಗೆದಿರಲಿಲ್ಲ. ಜನ ಕೈ ಇಳಿಬಿಟ್ಟು ಅಳತೆ ಕೊಡುತ್ತಾರೆ, ಬಟ್ಟೆ ತೊಟ್ಟ ಮೇಲೆ ಎತ್ತುತ್ತಾರೆ. ಹುಡುಗಿಯ ಬೆನ್ನಿನ ಬಿಸಿ ಅವಳ ಅಂಗೈಗೆ ತಾಗಿತು. ಕನಸಿನ ಬೆನ್ನಿಗೆ ಈ ಬಿಸಿ ಇರಲಿಲ್ಲ. ಮೂಟೆಗಳು, ಮೆಷಿನ್ನು, ಅತ್ತೆಯ ಮಂಚ ಎಲ್ಲ ನೀರಿನೊಳಗೆ ಇದ್ದಂತೆ ದೂರವಾಗಿ, ಆ ಕೋಣೆಯಲ್ಲಿ ಅಂಕಿಗಳನ್ನು ಮೆಲ್ಲಗೆ ಹೇಳುವ ತನ್ನ ದನಿಯೊಂದೇ ಉಳಿಯಿತು. ಹದಿನೈದೂವರೆ. ಇಪ್ಪತ್ತಮೂರು. ಏಳು ಮುಕ್ಕಾಲು. ಒಂದೂ ಅವಳಿಗೆ ಗೊತ್ತಿದ್ದ ಅಂಕಿಯಲ್ಲ.

ಹಸಿರು ಬಟ್ಟೆ ಹೊರಬಂದಾಗ ಕಡ್ಡಿ ಹೌಹಾರಿದಳು. "ಇದೇನಮ್ಮ, ಬಸ್ಸಿನ ಸೀಟು ಕಿತ್ಕೊಂಡು ಬಂದ್ಯಾ?"

"ಗಟ್ಟಿಯಾಗಿದೆ."

"ಸೀಟೂ ಗಟ್ಟೀನೇ ಇರುತ್ತೆ."

"ಬೇಡ ಅಂದರೆ ಹೇಳು, ಸಂಜೆ ಅಂಗಡಿಗೆ ಹೋಗುವಿಯಂತೆ. ಇಲ್ಲ ಅಂದರೆ ಬಾಯಿ ಮುಚ್ಕೊಂಡು ಸೂಜಿಗೆ ನೂಲು ಹಾಕು."

ಕಡ್ಡಿ ಕಿಟಕಿಯಾಚೆ ನೋಡಿದಳು, ಹಸಿರು ಚೌಕುಳಿ ನೋಡಿದಳು, ಕೊನೆಗೆ ಸೂಜಿ ತೆಗೆದುಕೊಂಡಳು.

ಕತ್ತರಿಸಿದ್ದನ್ನು ಮತ್ತೆ ಕೂಡಿಸಲು ಬರುವುದಿಲ್ಲ, ನಡುವೆ ತುಂಬಬಹುದು. ಬೆನ್ನ ನಡುವೆ ಕುತ್ತಿಗೆಯಿಂದ ಅಂಚಿನವರೆಗೆ ಎರಡಂಗುಲದ ಹಸಿರು ಪಟ್ಟಿ ಇಳಿಯಿತು. ತಗ್ಗಾದ ಎಡ ಭುಜಕ್ಕೆ ಬೆಣೆಯಂಥ ತುಂಡು ಸೇರಿತು. ಎರಡು ಕಂಕುಳಿಗೂ ಅಂಗೈ ಅಗಲದ ಚೌಕಗಳು, ಕೈ ಎತ್ತಿದಾಗ ಬಿಚ್ಚಿಕೊಂಡು, ಇಳಿಸಿದಾಗ ಮಡಚಿಕೊಳ್ಳುವಂತೆ. ಇಡೀ ಹಗಲು ಮೆಷಿನ್ನು ಓಡಿತು. ನಡುವೆ ಎರಡು ಸಲ ಕಡ್ಡಿ ತೊಟ್ಟಳು, ಎರಡು ಸಲ ಬಿಚ್ಚಿಸಿದಳು. ಹೊಲಿಗೆಯಮ್ಮ ಗೊಣಗದೆ ಬಿಚ್ಚಿದಳು. ಅತ್ತೆ ಬೆಳಗಿನಿಂದ ಬೆರಳಾಡಿಸಿ ಆರು ದೊಡ್ಡ ಗುಂಡಿ ಆರಿಸಿಕೊಟ್ಟಳು. "ಬೆಟ್ಟದ ಗಾಳಿಗೆ ಎರಡು ತೂತಿನದು ನಿಲ್ಲಲ್ಲ. ನಾಲ್ಕು ತೂತಿಂದು ಹಾಕು." ಸಂಜೆಯಾಯಿತು. ಅಂಗಡಿಯ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಕಡ್ಡಿ ಚೆನ್ನಾಗಿದೆ ಎಂದೂ ಹೇಳಲಿಲ್ಲ. ಮುಗಿದ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ತನ್ನ ಚೀಲ ತುಂಬಿಕೊಳ್ಳಲು ಹೋದಳು.

ಗುರುವಾರ ಬೆಳಗ್ಗೆ ಹೊಲಿಗೆಯಮ್ಮ ಮುಸುರೆ ತೊಳೆದು ಬರುವಷ್ಟರಲ್ಲಿ ಕುರ್ಚಿ ಖಾಲಿಯಿತ್ತು. ಚೀಲದೊಳಗೆ ಮಡಚಿಟ್ಟಳೋ ಏನೋ. ಕೇಳಲು ಬಾಯಿ ಬರಲಿಲ್ಲ. ಬಾಗಿಲಲ್ಲಿ ಕಡ್ಡಿ ಅಜ್ಜಿಯ ಕಾಲು ಮುಟ್ಟಿದಳು, ಬೂಟಿನ ದಾರ ಬಿಗಿದಳು.

"ಬಸ್ಸಿನವರೆಗೆ ಬರ್ತೀನಿ," ಎಂದಳು ಹೊಲಿಗೆಯಮ್ಮ.

"ಬೇಡ. ನೀನು ಬಂದರೆ ಅಳ್ತೀಯ. ಆಮೇಲೆ ನಾನು ಅಳ್ತೀನಿ. ಬಸ್ಸು ಹೋಗಿಬಿಡುತ್ತೆ."

ಮೆಟ್ಟಿಲ ಸದ್ದು ಇಳಿದು ಹೋಯಿತು. ಹೊಲಿಗೆಯಮ್ಮ ಕಿಟಕಿಗೆ ಬಂದು ಮೆಷಿನ್ನಿನ ಮೇಲೆ ಒರಗಿ ನಿಂತಳು. ಬಿಸಿಲು ಆಗಲೇ ಏರಿತ್ತು, ಬೀದಿಯ ಜನ ತೆಳು ಬಟ್ಟೆಯಲ್ಲಿ ಓಡಾಡುತ್ತಿದ್ದರು. ಬೂದು ಕೋಟು ತೊಟ್ಟ ಒಬ್ಬಳು ಬೆನ್ನ ನಡುವೆ ದೊಡ್ಡ ಚೀಲ ಹೊತ್ತು ಬೀದಿ ದಾಟುತ್ತಿದ್ದಳು. ಅಗಲ ಬೆನ್ನು, ಸಮನಾದ ಭುಜ, ದಾರಿ ಗೊತ್ತಿರುವವರ ನಡಿಗೆ. ಯಾರಪ್ಪ ಇದು, ಈ ಸೆಕೆಯಲ್ಲಿ ಕೋಟು ಹಾಕಿಕೊಂಡು ಹೊರಟವಳು ಎಂದು ಹೊಲಿಗೆಯಮ್ಮನಿಗೆ ಒಂದು ಕ್ಷಣ ಗುರುತೇ ಹತ್ತಲಿಲ್ಲ.

"ಹಾಕ್ಕೊಂಡಳಾ?" ಎಂದು ಅತ್ತೆ ಮಂಚದಿಂದ ಕೇಳಿದಳು.

ದೂರದಲ್ಲಿ ಬಸ್ಸು ತಿರುಗಿತು. ಬೀದಿಯ ಅಂಚಿನಲ್ಲಿ ನಿಂತವಳು ಚೀಲ ಕೆಳಗಿಟ್ಟಳು, ಬೆನ್ನ ನಡುವಿನ ಹಸಿರು ಪಟ್ಟಿ ಕಂಡಿತು. ಬಲಗೈಯನ್ನು ತಲೆಯ ಮೇಲೆ ಪೂರ್ತಿ ಎತ್ತಿ ಬಸ್ಸಿಗೆ ತೋರಿಸಿದಳು. ಹೊಲಿಗೆಯಮ್ಮ ಕೋಟಿನ ಕೆಳ ಅಂಚನ್ನೇ ನೋಡಿದಳು. ಅದು ಇದ್ದಲ್ಲೇ ಇತ್ತು.

"ಹಾಕ್ಕೊಂಡಿದ್ದಾಳೆ," ಎಂದಳು.